ಗುಂಡು, ಉಂಡಿ, ಗುಳಿಗಿ: ಓದುಗರ ಪ್ರಶ್ನೆ, ನುಡಿ ಅಂಕಣದ ಉತ್ತರ

ಗುಂಡಗಿನ ವಸ್ತುಗಳ ಹೆಸರುಗಳ ಬಗ್ಗೆ ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಳ್ಳಲಾಗಿದೆ. ಒಂದೇ ತೆರನ ಪ್ರಶ್ನೆಗಳನ್ನು ಕೂಡಿಸಿದೆ.

ಪ್ರಶ್ನೆ: ಶರಣ್ರಿ. ತಾಲೀಮಿನ್ಯಾಗ ಎತ್ತೂ ಕಲ್ಲಿಗೂ ಗುಂಡು ಅಂತಾರ, ಬಂದೂಕದಾಗಿಂದಕ್ಕೂ ಗುಂಡು, ತಿರುಪತಿಗೆ ಹೋಗಿ ಬಂದವರ ತಲಿಗೂ ಗುಂಡು. ಇದು ತೆಲುಗಿನಿಂದ ಬಂದ ಶಬ್ದ ಅಂತ ನಮ್ಮ ಗೆಳೆಯರು ವಾದ ಮಾಡ್ತಾರ. ಖರೇ ಏನ್ರಿ? (ಗುರುಮಠಕಲ್)

ತಲೆಯ ಮಟ್ಟಿಗೆ ಗೆಳೆಯರ ಮಾತು ಒಪ್ಪಬಹುದು. ಬೋಳಿಸಿದ ತಲೆಗೆ ಗುಂಡು ಎನ್ನುವುದು ತೆಲುಗಿನ ರೂಢಿ. ಗಡಿಯ ಊರುಗಳಲ್ಲಿ ಅದು ಕನ್ನಡದ ಮಾತಿನೊಳಗೂ ಸಲೀಸಾಗಿ ಓಡಾಡುತ್ತದೆ. ಉಳಿದ ಗುಂಡುಗಳು ಮಾತ್ರ ಯಾರ ಕೈಸಾಲವೂ ಅಲ್ಲ.

ಗುಂಡು ಕನ್ನಡ, ತೆಲುಗು, ತಮಿಳು ಮೂರರಲ್ಲೂ ಇದೆ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ ಬರಹದಲ್ಲಿ ಅದು ‘ಕುಂಡು’ ಆಗಿ ಕಾಣುತ್ತದೆ. ಕನ್ನಡದ ಮೊದಲ ಗಕಾರಕ್ಕೆ ತಮಿಳಿನಲ್ಲಿ ಕಕಾರ ಬರುವುದು ಇದೊಂದರಲ್ಲೇ ಅಲ್ಲ: ನಮ್ಮ ಗಿಳಿ ಅಲ್ಲಿ ಕಿಳಿ, ಗೂಡು ಅಲ್ಲಿ ಕೂಡು, ಗುಡಿ ಅಲ್ಲಿ ಕುಡಿ. ಹೀಗೆ ಸಾಲುಸಾಲು ಶಬ್ದಗಳು ಒಂದೇ ಕ್ರಮದಲ್ಲಿ ಹೊಂದಿಕೊಂಡರೆ ಅದನ್ನು ಸಾಲ ಎನ್ನುವುದಿಲ್ಲ. ಅಣ್ಣತಮ್ಮಂದಿರ ಪಾಲು ಎನ್ನಬೇಕು.

ಶಬ್ದದ ಮೂಲ ಹುಡುಕುವವರು ಮೂರು ಪರೀಕ್ಷೆ ಮಾಡಬೇಕು. ಸೋದರ ಭಾಷೆಗಳಲ್ಲಿ ಅದು ಇದೆಯೇ? ಧ್ವನಿಯ ವ್ಯತ್ಯಾಸ ಬೇರೆ ಶಬ್ದಗಳಲ್ಲೂ ಅದೇ ಕ್ರಮದಲ್ಲಿ ಬರುತ್ತದೆಯೇ? ನಾವು ಹೇಳುವ ಮೂಲ ಆ ಶಬ್ದದ ಎಲ್ಲ ಬಳಕೆಗೂ ಒಪ್ಪುತ್ತದೆಯೇ? ಮೂರನೆಯದನ್ನು ಜನ ಮರೆಯುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ತಿರುಗಾಡುವ ‘ಶಬ್ದಮೂಲ’ಗಳಲ್ಲಿ ಹೆಚ್ಚಿನವು ಬೀಳುವುದು ಅಲ್ಲೇ.

ಅರ್ಥದ ಬೆಳವಣಿಗೆ ಸರಳ. ಗಟ್ಟಿಯಾದ, ತೂಕವಿರುವ, ಉರುಟಾದ ವಸ್ತು ಮೊದಲು. ಕಲ್ಲು, ಒರಳಿನ ಗುಂಡಕಲ್ಲು, ತಾಳಿಯ ಅಕ್ಕಪಕ್ಕ ಪೋಣಿಸುವ ಚಿನ್ನದ ಗುಂಡು ಎಲ್ಲ ಆ ಸಾಲಿನವು. ತೋಪು ಬಂದ ಮೇಲೆ ತೋಪಿನ ಕಲ್ಲಿಗೆ, ತುಪಾಕಿ ಬಂದ ಮೇಲೆ ಸೀಸದ ಗೋಲಿಗೆ ಅದೇ ಹೆಸರು ಅಂಟಿತು. 19ನೇ ಶತಮಾನದ ನಡುವಿನ ಹೊತ್ತಿಗೆ ಬಂದೂಕದ ಗುಂಡು ದುಂಡಗೆ ಇರುವುದನ್ನು ಬಿಟ್ಟು ಚೂಪು ಮೂತಿಯ ಉದ್ದನೆಯ ತುಂಡಾಯಿತು. ಆಕಾರ ಹೋದರೂ ಹೆಸರು ಹೋಗಲಿಲ್ಲ. ಗುಂಡಯ್ಯ, ಗುಂಡಪ್ಪ ಎಂಬ ಹೆಸರಿನವರನ್ನು ಬಂದೂಕಿನ ಜೊತೆ ಸೇರಿಸಿ ಚೇಷ್ಟೆ ಮಾಡುವವರಿಗೆ ಒಂದು ಮಾತು: ಭಾಲ್ಕಿಯ ಕುಂಬಾರ ಗುಂಡಯ್ಯ ಶರಣರ ಕಾಲಕ್ಕೆ ಈ ಸೀಮೆಯಲ್ಲಿ ತುಪಾಕಿಯೇ ಇರಲಿಲ್ಲ.

ಗುಂಡು, ದುಂಡು ಎರಡನ್ನೂ ಮಾತಿನಲ್ಲಿ ಕಲಸುತ್ತೇವೆ. ಬರೆಯುವಾಗ ಚಪ್ಪಟೆಯದಕ್ಕೆ ದುಂಡು, ಎಲ್ಲ ಕಡೆಯಿಂದಲೂ ಉರುಟಾದದ್ದಕ್ಕೆ ಗುಂಡು ಎಂದು ಇಟ್ಟುಕೊಂಡರೆ ಚೆಂದ. ರೊಟ್ಟಿ ದುಂಡಗೆ, ನಿಂಬೆ ಗುಂಡಗೆ.

ಪ್ರಶ್ನೆ: ಯಾದಗಿರಿ, ಶಹಾಪುರದ ಗುಡ್ಡದಾಗ ಇಷ್ಟೊಂದು ಗುಂಡುಗಳು ಅದಾವ. ಶಹಾಬಾದ ಕಡೆ ಒಂದೂ ಕಾಣಂಗಿಲ್ಲ. ಯಾಕ? (ಶಹಾಪುರ)

ಕಲ್ಲಿನ ಜಾತಿ ಬೇರೆ. ಯಾದಗಿರಿ, ಶಹಾಪುರದ್ದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಅದರಲ್ಲಿ ಅಡ್ಡ, ಉದ್ದ, ಆಳ ಮೂರೂ ದಿಕ್ಕಿಗೆ ಸೀಳುಗಳಿರುತ್ತವೆ. ಹಾಗಾಗಿ ನೆಲದೊಳಗೆ ಬಂಡೆ ದೊಡ್ಡ ದೊಡ್ಡ ಚೌಕ ತುಂಡುಗಳಾಗಿ ಕೂತಿರುತ್ತದೆ. ಸೀಳಿಗಿಳಿದ ನೀರು ಕಲ್ಲಿನ ಕೆಲವು ಖನಿಜಗಳನ್ನು ಜೇಡಿಯಾಗಿಸುತ್ತದೆ. ಚೌಕದ ಮುಖಕ್ಕೆ ಒಂದೇ ಕಡೆಯಿಂದ, ಅಂಚಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ ಏಟು. ಮೂಲೆ ಮೊದಲು ಸವೆಯುತ್ತದೆ, ನಡುವಿನ ಗಟ್ಟಿ ತಿರುಳು ಗುಂಡಾಗಿ ಉಳಿಯುತ್ತದೆ. ಮೇಲಿನ ಮಣ್ಣು ಮಳೆಗೆ ಕೊಚ್ಚಿಹೋದ ಮೇಲೆ ಆ ತಿರುಳುಗಳು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುತ್ತವೆ. ಯಾರೂ ತಂದು ಇಟ್ಟದ್ದಲ್ಲ, ನದಿ ಉರುಳಿಸಿದ್ದೂ ಅಲ್ಲ.

ಶಹಾಬಾದ ಕಲ್ಲು ನೀರಿನ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣಕಲ್ಲು. ಪದರದ ಗುಂಟ ಏಳುವುದರಿಂದ ಅದು ನೆಲಕ್ಕೆ ಹಾಸುವ ಪರಸಿಯಾಗುತ್ತದೆ, ಗುಂಡಾಗುವುದಿಲ್ಲ.

ಪ್ರಶ್ನೆ: ಗುಂಡು, ಗುಂಡಿ, ಗುಂಡಿಗೆ, ಗುಮ್ಮಟ ಇವೆಲ್ಲ ಒಂದೇ ಬೇರಿನ ಶಬ್ದಗಳೇ? (ಕಲಬುರಗಿ)

ಕಿವಿಗೆ ಹಾಗೆ ಕೇಳುತ್ತವೆ, ಆದರೆ ಅಲ್ಲ. ನೆಲದ ಗುಂಡಿ ‘ಆಳ’ ಎಂಬ ಅರ್ಥದ ಬೇರೆ ದ್ರಾವಿಡ ಮೂಲದ್ದು. ಗುಂಡು ಉಬ್ಬು, ಗುಂಡಿ ತಗ್ಗು. ಅಂಗಿಯ ಗುಂಡಿ ಇನ್ನೊಂದು. ಮರಾಠಿಯಲ್ಲೂ ಅದು ಗುಂಡಿಯೇ. ಎದೆಯ ಗುಂಡಿಗೆಗೆ ತೆಲುಗಿನಲ್ಲಿ ಗುಂಡೆ ಎಂಬ ಜೊತೆ ಇದೆ. ತಮಿಳಿನಲ್ಲಿ ಅದರ ನಂಟಿನ ‘ಗುಂಡಿಕ್ಕಾಯ್’ ಎಂದರೆ ಮೂತ್ರಪಿಂಡ. ಒಳಗಿನ ಅಂಗಗಳ ಹೆಸರುಗಳು ಭಾಷೆಯಿಂದ ಭಾಷೆಗೆ ಹೀಗೆ ಜಾಗ ಬದಲಿಸುವುದು ಅಪರೂಪವಲ್ಲ. ಹಳಗನ್ನಡ ಓದುವವರಿಗೆ ಎದುರಾಗುವ ನೀರಿನ ಪಾತ್ರೆಯ ಗುಂಡಿಗೆ ಸಂಸ್ಕೃತದ ಕುಂಡಿಕಾ ಶಬ್ದದ ತದ್ಭವ.

ಗುಮ್ಮಟವಂತೂ ಫಾರಸಿಯ ಗುಂಬದ್. ನಿಮ್ಮ ಊರಿನ ಹಫ್ತ್ ಗುಂಬದ್‌ನಲ್ಲಿ ಆ ಶಬ್ದ ಮೂಲದ ವೇಷದಲ್ಲೇ ಇದೆ: ಹಫ್ತ್ ಎಂದರೆ ಏಳು. ವಿಜಯಪುರದ ಗೋಳಗುಮ್ಮಟದಲ್ಲಿ ಗೋಳ ಸಂಸ್ಕೃತದ್ದು, ಗುಮ್ಮಟ ಫಾರಸಿಯದು. ಶ್ರವಣಬೆಳಗೊಳದ ಗೊಮ್ಮಟನನ್ನು ಇದಕ್ಕೆ ಎಳೆದು ತರುವವರಿದ್ದಾರೆ. ಆ ಮೂರ್ತಿ ನಿಂತದ್ದು 10ನೇ ಶತಮಾನದ ಕೊನೆಗೆ, ಕಲಬುರಗಿಯಲ್ಲಿ ಬಹಮನಿಗಳು ರಾಜ್ಯ ಕಟ್ಟಿದ್ದು 1347ರಲ್ಲಿ.

ಪ್ರಶ್ನೆ: ಉಣ್ಣೋದರಿಂದ ಉಂಡಿ ಅಂತ ಹೆಸರು ಬಂತು ಅಂತಾರ್ರಿ. ಹೌದಾ? ಇನ್ನೊಂದು, ಅಡಿಗಿ ಪುಸ್ತಕದಾಗ ‘ಉಂಡೆ ಪಾಕ’ ಅಂತ ಬರೀತಾರಲ್ಲ, ಅದನ್ನ ಗುರ್ತಿಸೋದು ಹ್ಯಾಂಗ? ಪಂಚಮಿಗೆ ಮಾಡಿದ ಶೇಂಗಾ ಉಂಡಿ ಒಮ್ಮೆ ಪುಡಿಪುಡಿ, ಒಮ್ಮೆ ಹಲ್ಲಿಗೆ ಕಲ್ಲು. (ಹುಮನಾಬಾದ)

ಮೊದಲ ಪ್ರಶ್ನೆಗೆ ಮೂರನೆಯ ಪರೀಕ್ಷೆ ಸಾಕು. ನೂಲಿನ ಉಂಡೆಯನ್ನು ಯಾರು ಉಣ್ಣುತ್ತಾರೆ? ಮಣ್ಣಿನ ಉಂಡೆಯನ್ನು? ಉಂಡೆಯ ಬೇರು ಉಣ್ಣುವುದರಲ್ಲಿಲ್ಲ, ಉರುಳುವುದರಲ್ಲಿದೆ. ತಮಿಳಿನಲ್ಲಿ ಉರುಂಡೈ, ಉಂಡೈ ಎರಡೂ ಬಳಕೆಯಲ್ಲಿವೆ. ‘ರು’ ಹೇಗೆ ಬಿದ್ದುಹೋಯಿತು ಎಂಬುದು ಈ ಜೋಡಿಯಲ್ಲೇ ಕಾಣುತ್ತದೆ. ತೆಲುಗಿನಲ್ಲಿ ಉಂಡ, ಗಣೇಶ ಚೌತಿಗೆ ಅವರು ಮಾಡುವ ಉಂಡ್ರಾಳ್ಳು ಅದೇ ಕುಲ. ಮಲಯಾಳದಲ್ಲಿ ಉಂಡ ಎಂದರೆ ಬಂದೂಕಿನ ಗುಂಡೂ ಹೌದು, ಹಾಗಾಗಿ ಕೇರಳದಲ್ಲಿ ಶೇಂಗಾ ಉಂಡಿ ಕೇಳುವಾಗ ಶೇಂಗಾ ಶಬ್ದವನ್ನು ಮರೆಯಬೇಡಿ. ಕೊನೆಯ ಎಕಾರ ನಮ್ಮ ಕಡೆ ಇಕಾರವಾಗುವುದು ಎಲ್ಲರೂ ಬಲ್ಲದ್ದೇ: ಮನೆ ಮನಿ, ತಲೆ ತಲಿ, ಉಂಡೆ ಉಂಡಿ.

ಇನ್ನು ಪಾಕ. ಬೆಲ್ಲದ ಪಾಕ ಕುದಿದಂತೆ ನೀರು ಹೋಗುತ್ತದೆ. ನೀರು ಕಡಿಮೆಯಾದಷ್ಟೂ ಪಾಕ ಕುದಿಯುವ ಬಿಸಿ ಏರುತ್ತದೆ. ಸಕ್ಕರೆ ಪಾಕದ ಲೆಕ್ಕದಲ್ಲಿ 112ರಿಂದ 116 ಡಿಗ್ರಿ ಸೆಲ್ಸಿಯಸ್‌ಗೆ ಅದರಲ್ಲಿ ನೂರಕ್ಕೆ ಸುಮಾರು 15 ಪಾಲು ನೀರು ಉಳಿದಿರುತ್ತದೆ. ತಣ್ಣೀರಿಗೆ ಬಿಟ್ಟ ಹನಿ ಬೆರಳಲ್ಲಿ ಉಂಡೆಯಾಗುತ್ತದೆ, ಹೊರಗೆ ತೆಗೆದರೆ ಚಪ್ಪಟೆಯಾಗುತ್ತದೆ. ಇದು ಮೆತ್ತನೆಯ ಉಂಡೆ ಪಾಕ. 121ರಿಂದ 130ಕ್ಕೆ ನೀರು 8 ಪಾಲಿನ ಆಸುಪಾಸಿಗಿಳಿಯುತ್ತದೆ. ಉಂಡೆ ಆಕಾರ ಬಿಡುವುದಿಲ್ಲ, ತಟ್ಟೆಗೆ ಹಾಕಿದರೆ ಟಣ್ ಎನ್ನುತ್ತದೆ. ಇದು ಗಟ್ಟಿ ಉಂಡೆ ಪಾಕ. ಅಡಿಗೆಮನೆಯಲ್ಲಿ ಥರ್ಮಾಮೀಟರ್ ಬೇಡ, ಒಂದು ವಾಟಗ ತಣ್ಣೀರು ಸಾಕು. ಪುಸ್ತಕದಲ್ಲಿ ಬರೀ ‘ಉಂಡೆ ಪಾಕ’ ಎಂದಿದ್ದರೆ ಯಾವುದು ಎಂದು ಪದಾರ್ಥ ನೋಡಿ ತಿಳಿಯಬೇಕು: ಶೇಂಗಾ, ಎಳ್ಳಿನಂಥ ಕಾಳಿನ ಉಂಡಿಗೆ ಗಟ್ಟಿ ಪಾಕ. ರವಾ ಉಂಡಿಗೆ ಇವೆರಡೂ ಅಲ್ಲ, ಅದಕ್ಕೂ ಎಳಸಾದ ಒಂದೆಳೆ ಪಾಕ.

ಅರ್ಧ ಕಿಲೋ ಶೇಂಗಾಕ್ಕೆ 300 ಗ್ರಾಂ ಬೆಲ್ಲ, ಮೂರು ದೊಡ್ಡ ಚಮಚ ನೀರು, ಒಂದು ಚಮಚ ತುಪ್ಪ. ಶೇಂಗಾ ಸಣ್ಣ ಉರಿಯಲ್ಲಿ ಹದಿನೈದು ನಿಮಿಷದವರೆಗೆ ಹುರಿದು, ಸಿಪ್ಪೆ ತಿಕ್ಕಿ ಕೇರಿ, ಬ್ಯಾಳಿ ಮಾಡಿಕೊಳ್ಳಿ. ಬೆಲ್ಲ ಕರಗಿದ ಕೂಡಲೇ ಸೋಸಿ. ಮರಳಿನ ಕಣ ಉಳಿದರೆ ಪಾಕದ ತಪ್ಪಲ್ಲದ ತಪ್ಪಿಗೆ ಹಲ್ಲು ಕಟಗುಡುತ್ತದೆ. ಪಾಕ ಹದಕ್ಕೆ ಬಂದಾಗ ಒಲೆ ಆರಿಸಿ, ತುಪ್ಪ ಹಾಕಿ, ಬೆಚ್ಚಗಿರುವ ಶೇಂಗಾ ಸುರಿದು ಕಲಸಿ.

ಪುಡಿಯಾಗಲು ಕಾರಣ ಮೂರು. ಪಾಕ ಎಳಸು, ಬೆಲ್ಲ ಕಡಿಮೆ, ಅಥವಾ ಶೇಂಗಾ ತಣ್ಣಗಾಗಿ ಪಾಕ ಕಾಳಿಗೆ ಅಂಟುವ ಮೊದಲೇ ಬಿಗಿದದ್ದು. ಕಲ್ಲಾದರೆ ಪಾಕ ಗಟ್ಟಿ ಉಂಡೆಯನ್ನೂ ದಾಟಿ ಹೋಗಿದೆ ಎಂದರ್ಥ. ನೀರಿಗೆ ಬಿಟ್ಟ ಹನಿ ಚಟ್ ಎಂದು ಮುರಿದರೆ ಅದು ಚಿಕ್ಕಿಯ ಹದ. ಪಾತ್ರೆಯಲ್ಲೇ ಬಿಗಿದುಹೋದರೆ ಒಂದು ಚಮಚ ನೀರು ಚಿಮುಕಿಸಿ ಸಣ್ಣ ಉರಿಗೆ ಮತ್ತೆ ಇಟ್ಟರೆ ಸಡಿಲಾಗುತ್ತದೆ. ಕಟ್ಟುವಾಗ ಮೊದಲು ಅದುಮಬೇಕು, ಆಮೇಲೆ ಉರುಳಿಸಬೇಕು. ಅದುಮದೆ ಉರುಳಿಸಿದರೆ ಮೇಲ್ಮೈ ನುಣುಪಾಗುತ್ತದೆ, ಒಳಗೆ ಗಾಳಿ ಉಳಿದು ಡಬ್ಬಿಯಲ್ಲಿ ಬಿರಿಯುತ್ತದೆ. ಪಂಚಮಿ ಬರುವುದು ಶ್ರಾವಣದಲ್ಲಿ. ಬೆಲ್ಲ ಗಾಳಿಯ ತೇವ ಎಳೆಯುತ್ತದೆ, ಆದ್ದರಿಂದ ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಬಿಸಿಯಿದ್ದಾಗ ಮುಚ್ಚಿದರೆ ಒಳಗಿನ ಬೆವರೇ ಜಿಗುಟು ಮಾಡುತ್ತದೆ.

ಬೆಲ್ಲದ ಮಾತು ಬಂತೆಂದು ಒಂದು ಸೇರ್ಪಡೆ: ಸಂಸ್ಕೃತದ ಗುಡ ಶಬ್ದಕ್ಕೆ ಉಂಡೆ ಎಂಬ ಅರ್ಥವೂ ಇದೆ, ಬೆಲ್ಲ ಎಂಬ ಅರ್ಥವೂ ಇದೆ. ಹಿಂದಿ, ಉರ್ದುವಿನಲ್ಲಿ ಬೆಲ್ಲಕ್ಕೆ ಗುಡ್ ಎನ್ನುವುದು ಅದರಿಂದಲೇ.

ಪ್ರಶ್ನೆ: ಬೀದರ ಕೋಟೆಯ ತೋಪು ತೋರಿಸುವವರು ‘ಗೋಲಾ’ ಅಂತಾರ, ನಾವು ಗುಂಡು ಅಂತೀವಿ. ಎರಡರಲ್ಲಿ ಯಾವುದು ಸರಿ? ಗುಡಗುಡಿಗೂ ಅದರ ಗುಂಡಗಿನ ಆಕಾರದಿಂದ ಹೆಸರು ಬಂತಾ? (ಬೀದರ)

ಎರಡೂ ಸರಿ. ಗೋಲಾ ಸಂಸ್ಕೃತದ ಗೋಲದಿಂದ ಹಿಂದಿ, ಉರ್ದುವಿಗೆ ಇಳಿದು ಬಂದದ್ದು. ಅದೇ ಗೋಲ ನಮ್ಮ ಪಾಠಪುಸ್ತಕಗಳಲ್ಲಿ ಗೋಳ, ಭೂಗೋಳ ಆಗಿದೆ, ಕ್ರಿ.ಶ. 499ರ ಆರ್ಯಭಟೀಯದ ಕೊನೆಯ ಪಾದದ ಹೆಸರೇ ಗೋಲಪಾದ. ಸ್ವಾರಸ್ಯ ಇರುವುದು ತೋಪಿನಲ್ಲಿ. ಅದು ತುರ್ಕಿ ಶಬ್ದ, ಆ ಭಾಷೆಯಲ್ಲಿ ಇವತ್ತಿಗೂ ಚೆಂಡಿಗೂ ತೋಪಿಗೂ ಅದೇ ಹೆಸರು. ಬಂದೂಕಿನ ಹಿಂದೆ ಅರಬ್ಬಿಯ ಬುಂದುಖ್ ಇದೆ; ಅದರ ಅರ್ಥ ಹೇಜಲ್ ಎಂಬ ದುಂಡನೆಯ ಕಾಯಿ, ಆ ಗಾತ್ರದ ಹೊಡೆಯುವ ಉಂಡೆ. ಒಳಗಿನ ಗುಂಡಿನ ಹೆಸರನ್ನೇ ಆಯುಧಕ್ಕೂ ಇಟ್ಟರು. ಅಂದ ಮೇಲೆ ನಮ್ಮ ‘ತೋಪಿನ ಗುಂಡು’ ಬೇರು ಹಿಡಿದು ನೋಡಿದರೆ ‘ಗುಂಡಿನ ಗುಂಡು’. ಮಾವಿನ ತೋಪು ಇದಲ್ಲ, ಅದು ದ್ರಾವಿಡ ಶಬ್ದ.

ತೋಪಿನ ಬಳಿ ಕಲ್ಲಿನ ಗುಂಡು ಕಂಡರೆ ಕಬ್ಬಿಣ ಸಿಗದ್ದಕ್ಕೆ ಹಾಗೆ ಮಾಡಿದರು ಎನ್ನಬೇಡಿ. ಒಂದೇ ಗಾತ್ರದ ಕಬ್ಬಿಣದ ಗುಂಡು ಕಲ್ಲಿಗಿಂತ ಸುಮಾರು ಮೂರು ಪಟ್ಟು ಭಾರ. ಅಗಲ ಎರಡು ಪಟ್ಟಾದರೆ ತೂಕ ಎಂಟು ಪಟ್ಟು. ಬಾಯಿ ದೊಡ್ಡದಿರುವ ತೋಪಿಗೆ ಕಬ್ಬಿಣ ತುಂಬಿದರೆ ಮದ್ದೂ ಹೆಚ್ಚು ಬೇಕು, ನಳಿಗೆಯ ಮೇಲೆ ಒತ್ತಡವೂ ಹೆಚ್ಚು. ಕಲ್ಲಿಗೆ ಎರಡೂ ಕಡಿಮೆ.

ಗುಡಗುಡಿಯ ಹೆಸರು ಆಕಾರದ್ದಲ್ಲ, ನೀರಿನ ಸದ್ದಿನದು. ಹಳೆಯ ಬಿದ್ರಿ ಹುಕ್ಕಾ ಬುಡಗಳು ಗುಂಡಗಿದ್ದವು, ಆಮೇಲಿನವು ಗಂಟೆಯ ಆಕಾರಕ್ಕೆ ತಿರುಗಿದವು. ಸದ್ದು ಬದಲಾಗದ್ದಕ್ಕೆ ಹೆಸರೂ ಬದಲಾಗಲಿಲ್ಲ.

ಪ್ರಶ್ನೆ: ಶಾಲೆಯ ಕ್ರೀಡಾಕೂಟದ ಪಟ್ಟಿಯಲ್ಲಿ ‘ಗುಂಡು ಎಸೆತ’ ಎಂದು ಬರೆಯುತ್ತೇವೆ. ಮಕ್ಕಳು ನಿಜವಾಗಿಯೂ ಎಸೆದುಬಿಡುತ್ತಾರೆ. ಬೇರೆ ಹೆಸರು ಬೇಕಲ್ಲವೇ? (ಸೇಡಂ)

ಹೆಸರು ರೂಢಿಗೆ ಬಂದಾಗಿದೆ, ಬದಲಿಸುವುದು ಕಷ್ಟ. ಆದರೆ ಮಕ್ಕಳಿಗೆ ‘ಗುಂಡು ತಳ್ಳು’ ಎಂದೇ ಹೇಳಿಕೊಡಿ. ನಿಯಮ ಕೇಳುವುದು ಅದನ್ನೇ: ಒಂದೇ ಕೈ, ಭುಜದಿಂದ, ಆರಂಭದಲ್ಲಿ ಗುಂಡು ಕತ್ತಿಗೆ ಅಥವಾ ಗದ್ದಕ್ಕೆ ತಾಗಿ ಇಲ್ಲವೇ ಅದರ ಸಮೀಪ ಇರಬೇಕು, ಭುಜದ ಸಾಲಿನ ಹಿಂದಕ್ಕೆ ಹೋಗಬಾರದು. ಕ್ರಿಕೆಟ್ ಚೆಂಡಿನಂತೆ ಎಸೆದರೆ ಫೌಲ್ ಮಾತ್ರವಲ್ಲ, ಮೊಣಕೈ, ಭುಜ ನೋಯುವುದೂ ಅದರಿಂದಲೇ. ವೃತ್ತದ ವ್ಯಾಸ 2.135 ಮೀಟರ್. ತಳ್ಳಿದ ಮೇಲೆ ವೃತ್ತದ ಹಿಂಭಾಗದ ಅರ್ಧದಿಂದ ಹೊರಬರಬೇಕು. ಮಕ್ಕಳು ಹೆಚ್ಚು ಸಲ ಕೆಡುವುದು ಇಲ್ಲೇ, ಗುಂಡು ಎಲ್ಲಿ ಬಿತ್ತೆಂದು ನೋಡುತ್ತಾ ಮುಂದಕ್ಕೆ ಓಡಿಬಿಡುತ್ತಾರೆ.

ಪುರುಷರ ಗುಂಡು 7.26 ಕಿಲೋ, ವ್ಯಾಸ 110ರಿಂದ 130 ಮಿಲಿಮೀಟರ್. ಮಹಿಳೆಯರದು 4 ಕಿಲೋ, 95ರಿಂದ 110. ಆ 7.26 ಎಂಬ ಮುರುಕು ಸಂಖ್ಯೆ 16 ಪೌಂಡಿನ ಲೆಕ್ಕ. ಗುಂಡು ಸಿಗದಾಗ ಅದೇ ತೂಕದ ಗ್ರಾನೈಟ್ ಕಲ್ಲು ಕೊಟ್ಟು ಅಭ್ಯಾಸ ಮಾಡಿಸುವುದು ಬೇಡ. ಅದರ ವ್ಯಾಸ ಸುಮಾರು 17 ಸೆಂಟಿಮೀಟರ್ ಆಗುತ್ತದೆ. ಹುಡುಗರ ಅಂಗೈಯಲ್ಲಿ ಕೂರುವುದಿಲ್ಲ, ಬೆರಳಿನ ಬುಡದ ಹಿಡಿತವೇ ತಪ್ಪಾಗಿ ಕಲಿಯುತ್ತಾರೆ.

ಪ್ರಶ್ನೆ: ಗೋಲಿ ಅನ್ನಬೇಕೋ ಗೋಟಿ ಅನ್ನಬೇಕೋ? ಗುಳಿಗಿ ಇದರ ತಂಗಿಯೇ? (ಆಳಂದ)

ಗೋಟಿ ಮರಾಠಿಯದು, ಗಡಿಯಲ್ಲಿರುವ ನಿಮಗೆ ಹತ್ತಿರದ್ದು. ಗೋಲಿ ಹಿಂದಿಯದು. ಹಿಂದಿಯಲ್ಲಿ ಆಟದ ಗೋಲಿ, ಬಂದೂಕಿನ ಗುಂಡು, ಔಷಧದ ಮಾತ್ರೆ ಮೂರಕ್ಕೂ ಗೋಲಿ ಒಂದೇ. ನಾವು ಮೂರಕ್ಕೆ ಮೂರು ಹೆಸರಿಟ್ಟುಕೊಂಡಿದ್ದೇವೆ. ಗುಳಿಗಿ ಸಂಸ್ಕೃತದ ಗುಳಿಕಾ, ಅಂದರೆ ಸಣ್ಣ ಉಂಡೆ. ವೈದ್ಯರು ಔಷಧವನ್ನು ಅಂಗೈಯಲ್ಲಿ ಉರುಳಿಸಿ ಕಟ್ಟುತ್ತಿದ್ದ ಕಾಲದ ಹೆಸರು. ಬೆಂಗಳೂರಿನ ಮೆಡಿಕಲ್ ಅಂಗಡಿಯವರು ಮಾತ್ರೆ ಎಂದರೆ ನಕ್ಕು ಬಿಡಿ, ನಿಮ್ಮ ಗುಳಿಗಿಯೂ ಅಷ್ಟೇ ಶುದ್ಧ.

ಗೋಲಿ ಸೋಡಾ ಬಾಟಲಿಯನ್ನು ಲಂಡನ್ನಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಮಾಡಿಸಿದ. ತಲೆಕೆಳಗು ಮಾಡಿ ತುಂಬುತ್ತಾರೆ. ಗೋಲಿ ಬಾಯಿಗೆ ಇಳಿಯುತ್ತದೆ, ಗ್ಯಾಸಿನ ಒತ್ತಡ ಅದನ್ನು ರಬ್ಬರ್ ಬಳೆಗೆ ಒತ್ತಿ ಹಿಡಿಯುತ್ತದೆ. ಬಳೆ ಸವೆದಿದ್ದರೆ ಸೋಡಾ ಸಪ್ಪೆ. ಕುಡಿಯುವಾಗ ಗೋಲಿ ಅಡ್ಡ ಬರುತ್ತಿದ್ದರೆ ಕತ್ತಿನಲ್ಲಿರುವ ಎರಡು ತಗ್ಗು ಕೆಳಗೆ ಬರುವಂತೆ ಬಾಟಲಿ ತಿರುಗಿಸಿ, ಗೋಲಿ ಅಲ್ಲೇ ತಡೆದು ನಿಲ್ಲುತ್ತದೆ.

ಪ್ರಶ್ನೆ: ಅಜ್ಜಿಯ ಗುಂಡಿನ ಸರ ತೂಗಿಸಿದರೆ ಒಂದು ತೂಕ, ಬೆಲೆ ಕಟ್ಟುವಾಗ ಇನ್ನೊಂದು ತೂಕ. ಮೋಸವೇ? (ಬಸವಕಲ್ಯಾಣ)

ಆಗಿರಲೇಬೇಕೆಂದಿಲ್ಲ. ಹಳೆಯ ಗುಂಡುಗಳು, ಬೋರಮಾಳದ ಮಣಿಗಳು ಹೆಚ್ಚಾಗಿ ತೆಳು ತಗಡಿನ ಟೊಳ್ಳು. ಜಜ್ಜಿಹೋಗಬಾರದೆಂದು ಒಳಗೆ ಅರಗು ತುಂಬಿರುತ್ತಾರೆ. ಅರಗು, ದಾರ ಕಳೆದು ಉಳಿಯುವುದೇ ಚಿನ್ನದ ತೂಕ. ಒಟ್ಟು ತೂಕ, ನಿವ್ವಳ ತೂಕ ಎರಡನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಕರಗಿಸಿ ತೋರಿಸುತ್ತೇವೆ ಎಂದರೆ ನಿಮ್ಮ ಕಣ್ಣೆದುರೇ ಆಗಲಿ. ಮಾರುವ ಮನಸ್ಸಿಲ್ಲದಿದ್ದರೆ ಒಂದು ಎಚ್ಚರ: ಅರಗಿನ ಗುಂಡನ್ನು ಬಿಸಿನೀರಿನಲ್ಲಿ ತೊಳೆಯಬಾರದು, ಅರಗು ಮೆತ್ತಗಾಗಿ ತೂತಿನಿಂದ ಇಣುಕುತ್ತದೆ.

ಪ್ರಶ್ನೆ: ಮಂಗಳೂರಿನ ಹೋಟೆಲಿನ್ಯಾಗ ಪುಂಡಿ ಕೇಳಿದ್ರ ಅಕ್ಕಿ ಉಂಡಿ ತಂದಿಟ್ರು. (ಸುರಪುರ)

ಅವರು ಕೊಟ್ಟದ್ದು ಸರಿಯಾಗಿಯೇ ಇದೆ. ತುಳುನಾಡಿನಲ್ಲಿ ಪುಂಡಿ ಎಂದರೆ ಅಕ್ಕಿ ತರಿಯನ್ನು ಬೇಯಿಸಿ ಉಂಡೆ ಕಟ್ಟಿ ಹಬೆಯಲ್ಲಿ ಇಟ್ಟದ್ದು. ನಮ್ಮ ಪುಂಡಿ ಹುಳಿ ಸೊಪ್ಪು, ತೆಲುಗಿನವರ ಗೋಂಗೂರ; ಅದರ ನಾರಿನಿಂದ ಹಗ್ಗವನ್ನೂ ಹೊಸೆಯುತ್ತಾರೆ. ಕಡಲಿಬ್ಯಾಳಿ, ಜ್ವಾಳದ ನುಚ್ಚು ಹಾಕಿದ ಪುಂಡಿಪಲ್ಯ ತಿನ್ನಬೇಕಾದರೆ ಅಲ್ಲಿ ಉತ್ತರ ಕರ್ನಾಟಕದ ಖಾನಾವಳಿ ಹುಡುಕಬೇಕು.